ಮತ್ತೆ ಮತ್ತೆ ಕಳಚುವ ಕೊಳವೆ

ಕಲಬುರಗಿ ಜಿಲ್ಲೆಯ ಕಾಳಗಿ ಒಂದು ಕಾಲಕ್ಕೆ ಚಿತ್ತಾಪುರ ತಾಲ್ಲೂಕಿಗೆ ಸೇರಿದ್ದ ಊರು. ಈಗ ತಾನೇ ಒಂದು ತಾಲ್ಲೂಕಿನ ಕೇಂದ್ರ. ಅಲ್ಲಿಂದ ಸೇಡಂ, ವಾಡಿ, ಶಹಾಬಾದುಗಳ ಕಡೆಗೆ ಸಾಗಿದರೆ ಮೇಲೆ ತೊಗರಿ ಬೆಳೆಯುವ ಕಪ್ಪು ಮಣ್ಣು, ಕೆಳಗೆ ಪದರ ಪದರವಾಗಿ ಕುಳಿತ ಸುಣ್ಣಕಲ್ಲು. ಆ ಕಲ್ಲನ್ನು ಹಾಸುಗಲ್ಲಾಗಿ ಸೀಳುವ ಗಣಿಗಳು, ಅದನ್ನೇ ಸುಟ್ಟು ಸಿಮೆಂಟು ಮಾಡುವ ಕಾರ್ಖಾನೆಗಳು ಈ ಸೀಮೆಯ ಸಾವಿರಾರು ಮನೆಗಳಿಗೆ ಅನ್ನದ ದಾರಿಯಾಗಿವೆ. ಇದೇ ಸೀಮೆಯಲ್ಲಿ ಕಾಗಿಣಾ ನದಿಯ ದಂಡೆಯ ಮೇಲೆ ಮಳಖೇಡವಿದೆ. ಅದು ರಾಷ್ಟ್ರಕೂಟರ ಮಾನ್ಯಖೇಟ. ಜಿನಸೇನಾಚಾರ್ಯರನ್ನು ಗುರುವೆಂದು ಭಾವಿಸಿದ ಅಮೋಘವರ್ಷ ನೃಪತುಂಗನ ರಾಜಧಾನಿ. ಅಲ್ಲಿಯ ನೇಮಿನಾಥ ಬಸದಿಗೆ ಶ್ರಾವಕರು ಇಂದಿಗೂ ದರ್ಶನಕ್ಕೆ ಹೋಗುತ್ತಾರೆ.

ಈ ನೆಲದಲ್ಲಿ ವ್ಯಾಪಾರ ಮಾಡಿಕೊಂಡಿರುವ ಒಬ್ಬ ಶ್ರಾವಕರ ಅನುಭವ ಇಲ್ಲಿದೆ. ಅವರದು ವ್ರತನಿಷ್ಠ ಕುಟುಂಬ. ಸೂರ್ಯಾಸ್ತದ ಮೊದಲೇ ಊಟ. ಬಾವಿಯಿಂದ ತಂದ ನೀರನ್ನು ಮಡಿಸಿದ ದಪ್ಪ ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದ ಜೀವಿಗಳಿಗೆ ನೋವಾಗದಂತೆ ಅದನ್ನು ಮತ್ತೆ ಅದೇ ಬಾವಿಗೆ ತೊಳೆದು ಬಿಡುವ ಪದ್ಧತಿ ಆ ಮನೆಯಲ್ಲಿ ಇನ್ನೂ ಉಳಿದಿದೆ. ಮನೆಯ ಹಿರಿಯ ತಾಯಿ ಈ ಕೆಲಸವನ್ನು ಬೇರೆಯವರಿಗೆ ಬಿಟ್ಟುಕೊಡುವುದಿಲ್ಲ.

ಕಾಳುಕಡಿಯ ವ್ಯಾಪಾರದ ಜೊತೆಗೆ ಅವರು ಒಂದು ಲೋಡರ್ ಯಂತ್ರವನ್ನು ಕೊಂಡಿದ್ದರು. ಮುಂದೆ ತುಂಬುವ ಬಕೆಟ್ಟು, ಹಿಂದೆ ಅಗೆಯುವ ತೋಳು ಇರುವ ಯಂತ್ರ. ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಹೋಗುವಂಥದು. ಈ ಉದ್ಯೋಗ ನಿರ್ದೋಷವಾದುದಲ್ಲವೆಂದು ಅವರಿಗೆ ತಿಳಿದಿತ್ತು. ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ ಶ್ರಾವಕನು ದೂರವಿಡಬೇಕೆಂದು ಎಣಿಸುವ ಹದಿನೈದು ವೃತ್ತಿಗಳಲ್ಲಿ ನೆಲ ಅಗೆದು ಕಲ್ಲು ಒಡೆಯುವುದೂ ಒಂದು, ವಾಹನವನ್ನು ಬಾಡಿಗೆಗೆ ಬಿಡುವುದೂ ಒಂದು. ಆದರೆ ಗೃಹಸ್ಥನಿಗೆ ಉದ್ಯೋಗೀ ಹಿಂಸೆಯನ್ನು ಪೂರ್ಣವಾಗಿ ಬಿಡಲಾಗದು, ಬಾವಿ, ಹೊಂಡ, ರಸ್ತೆಗಳು ಯಾರಾದರೂ ಅಗೆಯದೆ ಆಗುವುದಿಲ್ಲ ಎಂಬ ಸಮಾಧಾನವನ್ನು ಅವರು ತಂದುಕೊಂಡಿದ್ದರು. ಆ ಸಮಾಧಾನದ ಮಿತಿ ಎಲ್ಲಿಯವರೆಗೆ ಎಂಬುದನ್ನು ಒಂದು ರಬ್ಬರಿನ ಕೊಳವೆ ಅವರಿಗೆ ತೋರಿಸಿಕೊಟ್ಟಿತು.

ಇಂಥ ಯಂತ್ರದಲ್ಲಿ ಎಂಜಿನ್ನಿನ ಶಕ್ತಿ ಗೇರುಪೆಟ್ಟಿಗೆಗೆ ಎಣ್ಣೆಯ ಮೂಲಕ ಸಾಗುತ್ತದೆ. ಟಾರ್ಕ್ ಕನ್ವರ್ಟರ್ ಎಂಬ ಭಾಗದೊಳಗೆ ಒಂದು ಚಕ್ರ ಎಣ್ಣೆಯನ್ನು ಚಿಮ್ಮುತ್ತದೆ. ಎದುರಿನ ಚಕ್ರ ಆ ಹೊಡೆತಕ್ಕೆ ತಿರುಗುತ್ತದೆ. ಬಕೆಟ್ಟನ್ನು ಕಲ್ಲಿನ ರಾಶಿಗೆ ಒತ್ತಿ ಯಂತ್ರ ಮುಂದೆ ಸಾಗದೆ ಗುದ್ದಾಡುವಾಗ ಚಕ್ರಗಳಿಗೆ ತಲುಪದ ಶಕ್ತಿಯೆಲ್ಲ ಶಾಖವಾಗಿ ಎಣ್ಣೆಯಲ್ಲಿಯೇ ಉಳಿಯುತ್ತದೆ. ಆ ಎಣ್ಣೆ ರೇಡಿಯೇಟರಿನ ಬಳಿ ಇರುವ ಕೂಲರಿಗೆ ಹೋಗಿ, ಗಾಳಿಗೆ ತಣಿದು, ಮತ್ತೆ ಗೇರುಪೆಟ್ಟಿಗೆಗೆ ಮರಳಬೇಕು. ಹೋಗಲು ಒಂದು ಹೋಸು, ಬರಲು ಒಂದು ಹೋಸು. ಬೇಸಿಗೆಯಲ್ಲಿ ನೆರಳಿನಲ್ಲಿಯೂ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುವ ಈ ಸೀಮೆಯಲ್ಲಿ ಆ ಎರಡು ಹೋಸುಗಳ ಮೇಲೆ ಯಂತ್ರದ ಆಯುಷ್ಯವೇ ನಿಂತಿರುತ್ತದೆ.

ಬೇಸಿಗೆಯ ಆರಂಭದಲ್ಲಿ ಒಂದು ಮಧ್ಯಾಹ್ನ ಕೂಲರಿಗೆ ಹೋಗುವ ಹೋಸು ಅದರ ನಿಪ್ಪಲ್ಲಿನಿಂದ ಕಳಚಿ ಬಿತ್ತು. ಚಾಲಕ ಅದನ್ನು ಮತ್ತೆ ತಳ್ಳಿ ಕೂರಿಸಿ, ಕ್ಲಿಪ್ಪು ಬಿಗಿದು, ಎಣ್ಣೆ ತುಂಬಿ ಕೆಲಸ ಮುಗಿಸಿದ. ಸಂಜೆ ಬಂದು, “ಎಣ್ಣಿ ಭಾಳ ಬಿಸಿ ಆಗಲಾಕತ್ತದ್ರಿ ಸಾವ್ಕಾರ್ರಿ, ಮೀಟರಿನ ಮುಳ್ಳು ಕೆಂಪಿಗಿ ಹೋಗಲಾಕತ್ತದ” ಎಂದು ಹೇಳಿದ. ಮಳೆಗಾಲದ ಮುಂಚೆ ಹೊಲದ ಕೆಲಸಗಳು ಸಾಲುಗಟ್ಟಿ ನಿಂತ ಹೊತ್ತು. ಬಾಡಿಗೆ ತಪ್ಪಬಾರದೆಂದು ಶ್ರಾವಕರು ಆ ಮಾತನ್ನು ಕಿವಿಯ ಮೇಲೆ ಹಾಕಿಕೊಂಡು ಸುಮ್ಮನಾದರು.

ಎಂಟು ದಿನಗಳಲ್ಲಿ ಹೋಸು ಎರಡನೆಯ ಸಲ ಕಳಚಿತು. ಹೊಸ ಕ್ಲಿಪ್ಪು ತಂದು ಬಲವಾಗಿ ಬಿಗಿಸಲಾಯಿತು. ಕ್ಲಿಪ್ಪಿನ ಪಟ್ಟಿ ರಬ್ಬರಿನೊಳಗೆ ಇಳಿದು ಅದನ್ನೇ ಕೊಯ್ಯತೊಡಗಿತು. ಮೂರನೆಯ ಸಲ ಕಳಚಿದಾಗ ಎರಡು ಕ್ಲಿಪ್ಪು ಹಾಕಿ, ಮೇಲೆ ಬೈಂಡಿಂಗ್ ತಂತಿ ಸುತ್ತಿದರು. ಅಂದು ಶ್ರಾವಕರಿಗೆ ಸಿಟ್ಟು ಬಂತು. ಯಂತ್ರವನ್ನು ಒರಟಾಗಿ ನಡೆಸುವುದೇ ಇದಕ್ಕೆಲ್ಲ ಕಾರಣವೆಂದು ಚಾಲಕನನ್ನು ಜರೆದರು. ಹೋದ ಎಣ್ಣೆಯ ಬೆಲೆಯನ್ನು ಆತನ ತಿಂಗಳ ಪಗಾರದಲ್ಲಿ ಮುರಿದುಕೊಂಡರು. ಆತ ಎದುರು ಮಾತನಾಡಲಿಲ್ಲ.

ನಾಲ್ಕನೆಯ ಸಲ ಯಂತ್ರ ಒಂದು ಹಳ್ಳದ ಬದಿಯಲ್ಲಿ ಕೃಷಿಹೊಂಡದ ಹೂಳು ತೆಗೆಯುತ್ತಿತ್ತು. ಹೋಸು ತಂತಿಸಮೇತ ಕಿತ್ತುಬಂತು. ನೋಡಲು ಬಗ್ಗಿದ ಚಾಲಕನ ಮುಂಗೈ ಮೇಲೆ ಕುದಿಯುವಂಥ ಎಣ್ಣೆ ಬಿದ್ದು ಚರ್ಮ ಸುಟ್ಟಿತು. ಎಂಜಿನ್ನು ನಿಲ್ಲಿಸುವಷ್ಟರಲ್ಲಿ ಹತ್ತು ಲೀಟರಿಗೂ ಹೆಚ್ಚು ಎಣ್ಣೆ ಇಳಿಜಾರಿನಲ್ಲಿ ಹರಿದು ಹಳ್ಳದ ಮಡುವನ್ನು ಸೇರಿತು. ಬೇಸಿಗೆಯಲ್ಲಿ ಆ ಹಳ್ಳದಲ್ಲಿ ಉಳಿದಿದ್ದ ನೀರು ಅದೊಂದೇ.

ಮರುದಿನ ಬೆಳಿಗ್ಗೆ ಶ್ರಾವಕರು ಸ್ಥಳಕ್ಕೆ ಹೋದರು. ಮಡುವಿನ ಮೇಲೆ ಕಾಮನಬಿಲ್ಲಿನ ಬಣ್ಣದ ಪೊರೆ ಹಬ್ಬಿತ್ತು. ನೀರಿನ ಮೇಲ್ಮೈ ಬಿಗಿಯಾಗಿರುವುದರಿಂದಲೇ ಅದರ ಮೇಲೆ ಕಾಲೂರಿ ಓಡಾಡಬಲ್ಲ ಹುಳುಗಳು ಆ ಬಿಗಿ ತಪ್ಪಿದ್ದರಿಂದ ಮುಳುಗಿ ಸತ್ತು ದಂಡೆಗೆ ಅಂಟಿದ್ದವು. ಸಣ್ಣ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದವು. ಎಮ್ಮೆಗಳನ್ನು ಹೊಡೆದುಕೊಂಡು ಬಂದ ಒಬ್ಬ ಹುಡುಗ ನೀರನ್ನು ನೋಡಿ, ಏನೂ ಅನ್ನದೆ, ಅವುಗಳನ್ನು ತಿರುಗಿಸಿಕೊಂಡು ಹೋದ. ಮನೆಗೆ ಬಂದಾಗ ಹಿರಿಯ ತಾಯಿ ಎಂದಿನಂತೆ ನೀರು ಸೋಸಿದ ಬಟ್ಟೆಯನ್ನು ಬಾವಿಯ ಮೇಲೆ ಹಿಡಿದು ಮೆಲ್ಲಗೆ ತೊಳೆಯುತ್ತಿದ್ದರು. ಆ ದೃಶ್ಯವನ್ನು ಅವರು ನಿಂತು ನೋಡಲಾರದೆ ಹೋದರು.

ಅಂದೇ ಅವರು ಚಾಲಕನನ್ನು ಜೊತೆಗೆ ಕರೆದುಕೊಂಡು ಶಹಾಬಾದಿನಲ್ಲಿ ಗಣಿಯಂತ್ರಗಳನ್ನು ದುರಸ್ತಿ ಮಾಡುವ ವೃದ್ಧ ಮಿಸ್ತ್ರಿಯೊಬ್ಬರಲ್ಲಿಗೆ ಹೋದರು. ಮಿಸ್ತ್ರಿ ಬಂದು ಯಂತ್ರವನ್ನು ಮುಟ್ಟುವ ಮೊದಲು ಪ್ರಶ್ನೆ ಕೇಳಿದರು, ಅದೂ ಚಾಲಕನನ್ನು. ಯಾವ ತುದಿ ಕಳಚುತ್ತದೆ? ಬೆಳಿಗ್ಗೆಯೋ, ಮಧ್ಯಾಹ್ನವೋ? ಕಳಚುವ ಮೊದಲು ಎಷ್ಟು ಹೊತ್ತು ಕೆಲಸವಾಗಿರುತ್ತದೆ? ಪ್ರತಿಸಲವೂ ಕೂಲರಿಗೆ ಹೋಗುವ ತುದಿಯೇ, ಪ್ರತಿಸಲವೂ ಎಣ್ಣೆ ಕಾದ ಮೇಲೆಯೇ ಎಂದು ಆತ ಹೇಳಿದ. ಆಗ ಮಿಸ್ತ್ರಿ, “ಸಾವ್ಕಾರ್ರಿ, ಪೈಪು ತಾನಾಗಿ ಬಿಚ್ಚಿಲ್ರಿ. ಒಳಗಿಂದ ಯಾವುದೋ ಅದನ್ನ ದಬ್ಬಲಾಕತ್ತದ. ಮೊದಲ ಅದನ್ನ ನೋಡಮ್ರಿ” ಎಂದರು.

ಯಂತ್ರ ತಣಿದ ಮೇಲೆ, ಬಕೆಟ್ಟನ್ನು ನೆಲಕ್ಕೆ ಇಳಿಸಿ, ಗಾಲಿಗಳಿಗೆ ಕಲ್ಲು ಕೊಟ್ಟು ಪರೀಕ್ಷೆ ಆರಂಭವಾಯಿತು. ಕೂಲರು ಮತ್ತು ರೇಡಿಯೇಟರುಗಳ ನಡುವೆ ಸುಣ್ಣಕಲ್ಲಿನ ಧೂಳು, ತೊಗರಿಯ ಹೊಟ್ಟು, ಜಿಡ್ಡು ಸೇರಿ ಗೋಡೆಯಂತೆ ಕಟ್ಟಿಕೊಂಡಿದ್ದವು. ಗಾಳಿ ಹಾಯಲು ದಾರಿಯೇ ಇರಲಿಲ್ಲ. ಕೂಲರಿನಿಂದ ಮರಳುವ ಎಣ್ಣೆಯನ್ನು ಅಳೆದು ನೋಡಿದರೆ ಬರಬೇಕಾದಷ್ಟು ಬರುತ್ತಿರಲಿಲ್ಲ. ಅತಿಯಾಗಿ ಕಾದು ಕೆಟ್ಟ ಎಣ್ಣೆಯ ಕೆಸರು ಒಳಗಿನ ಸಣ್ಣ ದಾರಿಗಳನ್ನು ಮುಚ್ಚುತ್ತ ಬಂದಿತ್ತು. ಮುಂದೆ ದಾರಿ ಇಲ್ಲದಾಗ ಹಿಂದಿನ ಹೋಸಿನಲ್ಲಿ ಒತ್ತಡ ಏರುತ್ತದೆ. ದಬ್ಬುತ್ತಿದ್ದುದು ಅದು.

ದಬ್ಬಿದರೆ ಕಳಚುವಂತೆ ಮಾಡಿದ ದೋಷಗಳೂ ಒಂದೊಂದಾಗಿ ಹೊರಬಿದ್ದವು. ಹಿಂದೊಮ್ಮೆ ನಿಪ್ಪಲ್ಲು ಮುರಿದಾಗ ಲೇತಿನಲ್ಲಿ ಮಾಡಿಸಿದ ಹೊಸ ನಿಪ್ಪಲ್ಲು ನುಣ್ಣಗಿತ್ತು. ಹೋಸು ಜಾರದಂತೆ ತಡೆಯುವ ಬಳೆಯಂಥ ಉಬ್ಬು ಅದಕ್ಕೆ ಇರಲಿಲ್ಲ. ನಿಪ್ಪಲ್ಲಿನ ಹೊರಸುತ್ತಿನ ವ್ಯಾಸ 5/8 ಅಂಗುಲ, ಎಂದರೆ ಸುಮಾರು 16 ಮಿಲಿಮೀಟರು. ಅದಕ್ಕೆ ಹಾಕಿದ್ದ ಹೋಸಿನ ಒಳವ್ಯಾಸ 3/4 ಅಂಗುಲ, ಎಂದರೆ ಸುಮಾರು 19 ಮಿಲಿಮೀಟರು. ಆ 3 ಮಿಲಿಮೀಟರಿನ ಅಂತರವನ್ನು ಕ್ಲಿಪ್ಪಿನ ಬಲದಿಂದ ಮುಚ್ಚಲು ಹೋಗಿ ರಬ್ಬರು ಸುಕ್ಕುಗಟ್ಟಿತ್ತು. ಅದು ಎಣ್ಣೆಗೆ ಹೇಳಿದ ಹೋಸೂ ಆಗಿರಲಿಲ್ಲ. ರೇಡಿಯೇಟರಿನ ನೀರಿಗೆ ಬಳಸುವಂಥದು. ಆ ಜಾತಿಯ ರಬ್ಬರು ಬಿಸಿನೀರನ್ನು ತಾಳುತ್ತದೆ, ಎಣ್ಣೆ ತಗುಲಿದರೆ ಹೀರಿ ಉಬ್ಬಿ ಮೆತ್ತಗಾಗುತ್ತದೆ. ಸಾಲದ್ದಕ್ಕೆ ಹೋಸಿನ ಉದ್ದವೂ ಗಿಡ್ಡ. ಎಂಜಿನ್ನು ಕೂರುವ ರಬ್ಬರಿನ ದಿಂಬುಗಳು ಸವೆದಿದ್ದುದರಿಂದ ಎಂಜಿನ್ನು ಅಲುಗಿದಾಗಲೆಲ್ಲ ಹೋಸು ಎಳೆತಕ್ಕೆ ಸಿಗುತ್ತಿತ್ತು.

ಅಗ್ಗವೆಂದು ಆ ಹೋಸನ್ನು ಆರಿಸಿ ತಂದವರು ಶ್ರಾವಕರೇ. ಚಾಲಕನ ಒರಟುತನ ಈ ಕಾರಣಗಳ ಪಟ್ಟಿಯಲ್ಲಿ ಎಲ್ಲಿಯೂ ಇರಲಿಲ್ಲ.

ದುರಸ್ತಿಗೆ ಎರಡು ದಿನ ಹಿಡಿಯಿತು. ಕೂಲರನ್ನು ಇಳಿಸಿ, ಒಳಗಿನ ಕೆಸರು ಹೋಗುವವರೆಗೆ ತೊಳೆದು, ಹೊರಗಿನ ರೆಕ್ಕೆಗಳನ್ನು ಬಾಗದಂತೆ ಹಿಂದಿನಿಂದ ಮುಂದಕ್ಕೆ ಗಾಳಿ ಹಾಯಿಸಿ ಸ್ವಚ್ಛಗೊಳಿಸಲಾಯಿತು. ಒತ್ತಡ ಹೆಚ್ಚಿರುವ ತುದಿಗೆ ಕ್ಲಿಪ್ಪನ್ನು ನಂಬದೆ, ಯಂತ್ರದಿಂದ ಅದುಮಿ ಕೂರಿಸಿದ ಲೋಹದ ತುದಿಯ ಹೋಸನ್ನೂ ತಿರುಪಿನ ಫಿಟ್ಟಿಂಗನ್ನೂ ಹಾಕಿದರು. ಮರಳುವ ದಾರಿಯಲ್ಲಿ ಉಬ್ಬಿರುವ ನಿಪ್ಪಲ್ಲು, ಎಣ್ಣೆಯನ್ನು ತಾಳುವ ನೈಟ್ರೈಲ್ ರಬ್ಬರಿನ ಸರಿಯಾದ ಅಳತೆಯ ಹೋಸು, ಉಬ್ಬನ್ನು ದಾಟಿದ ಜಾಗದಲ್ಲಿ ಒಂದೇ ಕ್ಲಿಪ್ಪು. ಎಂಜಿನ್ನಿನ ದಿಂಬುಗಳು ಬದಲಾದವು. ಹೋಸಿಗೆ ಅಲುಗಾಟ ತಾಳುವಷ್ಟು ಸಡಿಲ ಉದ್ದ ಬಿಟ್ಟರು. ಹೊಸ ಫಿಲ್ಟರು, ಹೊಸ ಎಣ್ಣೆ, ಗುರುತಿನ ಮಟ್ಟಕ್ಕೆ ಮಾತ್ರ. ಹೆಚ್ಚಾದರೆ ಎಣ್ಣೆ ನೊರೆಗಟ್ಟಿ ಮತ್ತೆ ಕಾಯುತ್ತದೆ. ಯಂತ್ರವನ್ನು ಬಿಸಿಯಾಗುವವರೆಗೆ ನಡೆಸಿ, ನಿಲ್ಲಿಸಿ, ತಣಿದ ಮೇಲೆ ಎಲ್ಲ ಸಂದುಗಳನ್ನೂ ಮತ್ತೊಮ್ಮೆ ನೋಡಿದರು. ಮರುದಿನವೂ ನೋಡಿದರು. ಹಳೆಯ ಎಣ್ಣೆಯನ್ನು ನೆಲಕ್ಕೆ ಚೆಲ್ಲಲಿಲ್ಲ. ಬಳಸಿದ ಎಣ್ಣೆ 2016ರ ಕೇಂದ್ರ ನಿಯಮಗಳ ಪ್ರಕಾರ ಅಪಾಯಕಾರಿ ತ್ಯಾಜ್ಯ. ಅದನ್ನು ಪೀಪಾಯಿಯಲ್ಲಿ ತುಂಬಿ, ಪರವಾನಗಿ ಪಡೆದು ಮರುಬಳಕೆ ಮಾಡುವವರಿಗೆ ಕೊಡುವ ಏರ್ಪಾಡು ಆಯಿತು.

ಈ ಘಟನೆಯಲ್ಲಿ ಹಿಂಸೆ ಎಲ್ಲಿ ಆರಂಭವಾಯಿತು ಎಂಬ ಪ್ರಶ್ನೆ ವಿಚಾರಾರ್ಹವಾದುದು. ಹಳ್ಳದಲ್ಲಿ ಮೀನು ಬಾಯಿ ತೆರೆದ ಬೆಳಿಗ್ಗೆಯಲ್ಲಿ ಎಂದು ಮೇಲ್ನೋಟಕ್ಕೆ ತೋರುತ್ತದೆ. ತತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಯನ್ನು ಮಾತ್ರ ಹೇಳುವುದಿಲ್ಲ. ಪ್ರಮಾದದಿಂದ ಕೂಡಿದ ಮನೋವಾಕ್ಕಾಯಗಳ ಪ್ರವೃತ್ತಿಯನ್ನು ಮೊದಲಿಗೆ ಇಡುತ್ತದೆ. ಪುರುಷಾರ್ಥಸಿದ್ಧ್ಯುಪಾಯದಲ್ಲಿ ಅಮೃತಚಂದ್ರಾಚಾರ್ಯರು ಇದನ್ನು ಇನ್ನೂ ಸ್ಪಷ್ಟಪಡಿಸುತ್ತಾರೆ. ರಾಗಾದಿಗಳಿಲ್ಲದೆ ಎಚ್ಚರಿಕೆಯಿಂದ ನಡೆಯುವವನಿಂದ ಜೀವ ಹೋದರೂ ಅದು ಹಿಂಸೆಯಾಗದು. ಎಚ್ಚರವಿಲ್ಲದವನ ಮುಂದೆ, ಜೀವ ಸಾಯಲಿ ಸಾಯದಿರಲಿ, ಹಿಂಸೆ ಓಡುತ್ತಲೇ ಇರುತ್ತದೆ ಎಂಬುದು ಅವರ ಅಭಿಪ್ರಾಯ. ಈ ಅಳತೆಯಿಂದ ನೋಡಿದರೆ ಹೋಸು ಮೊದಲ ಸಲ ಕಳಚಿದ್ದು ಆಕಸ್ಮಿಕ. ಚಾಲಕ ಬಂದು ಮೀಟರಿನ ಮುಳ್ಳಿನ ವಿಷಯ ಹೇಳಿದ ಸಂಜೆಯಿಂದ ಅದು ಆಕಸ್ಮಿಕವಾಗಿ ಉಳಿಯಲಿಲ್ಲ. ಮಡುವಿನ ಹುಳುಗಳು ಸಾಯುವುದಕ್ಕೆ ಹಲವು ದಿನ ಮೊದಲೇ, ಒಂದು ಜೀವವೂ ನೋಯದಿದ್ದಾಗಲೇ, ಹಿಂಸೆ ಆರಂಭವಾಗಿತ್ತು. ಉದ್ಯೋಗೀ ಹಿಂಸೆ ಗೃಹಸ್ಥನಿಗೆ ಅನಿವಾರ್ಯವೆಂಬ ಮಾತು ಅಗೆತಕ್ಕೆ ಹೊಂದಬಹುದು. ತಿಳಿದೂ ತಿಳಿದೂ ಸೋರುವ ಯಂತ್ರವನ್ನು ನೀರಿನ ಬದಿಗೆ ಕಳಿಸಿದ್ದಕ್ಕೆ ಹೊಂದುವುದಿಲ್ಲ.

ಪಗಾರ ಮುರಿದುಕೊಂಡದ್ದು ಇನ್ನೊಂದು ದೋಷ. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅತಿಭಾರವನ್ನು ಹೊರಿಸುವುದು, ಅನ್ನಪಾನಗಳಿಗೆ ತಡೆಯೊಡ್ಡುವುದು ಎಂಬ ಎರಡಿವೆ. ಇವನ್ನು ಎತ್ತು ಕುದುರೆಗಳಿಗೆ ಮಾತ್ರ ಅನ್ವಯಿಸಿಕೊಂಡು ಓದುವ ರೂಢಿ ನಮ್ಮಲ್ಲಿದೆ. ಕಾಯುತ್ತಿರುವ ಯಂತ್ರದಲ್ಲಿ ಕೂರಿಸಿ ಕೆಲಸ ಮುಗಿಸೆಂದು ಹೇಳುವುದು ಅತಿಭಾರವೇ. ತಪ್ಪಿಲ್ಲದವನ ಸಂಬಳವನ್ನು ಹಿಡಿಯುವುದು ಅವನ ಮನೆಯ ಅನ್ನವನ್ನು ಹಿಡಿದಂತೆಯೇ.

ಇನ್ನು, ಬಂಧದ ನಿವಾರಣೆಯನ್ನು ಬೋಧಿಸಲು ನಮ್ಮ ಆಚಾರ್ಯರು ತೂತುಬಿದ್ದ ದೋಣಿಯ ದೃಷ್ಟಾಂತವನ್ನು ಬಳಸುತ್ತಾರೆ. ಒಳಗೆ ಬರುವ ನೀರು ಆಸ್ರವ. ತೂತು ಮುಚ್ಚುವುದು ಸಂವರ. ಬಂದ ನೀರನ್ನು ಹೊರಗೆ ಚೆಲ್ಲುವುದು ನಿರ್ಜರೆ. ತೂತು ಮುಚ್ಚದೆ ನೀರು ಚೆಲ್ಲುವವನ ಕೈ ಸೋಲುತ್ತದೆ, ದೋಣಿ ಉಳಿಯುವುದಿಲ್ಲ. ಶ್ರಾವಕರು ಮೂರು ಸಲ ಮಾಡಿದ್ದು ಅದನ್ನೇ. ಎಣ್ಣೆ ಹೋದಷ್ಟೂ ತುಂಬಿದರು, ಕಳಚಿದಷ್ಟೂ ಬಿಗಿದರು. ದಬ್ಬುವ ಕಾರಣವನ್ನು ಹುಡುಕಲಿಲ್ಲ. ಪ್ರತಿಕ್ರಮಣದಲ್ಲಿ ಅದೇ ದೋಷವನ್ನು ವರ್ಷ ವರ್ಷವೂ ಹೇಳಿ, ಆ ದೋಷಕ್ಕೆ ಎಡೆಮಾಡಿದ ಲೋಭವನ್ನು ಮುಟ್ಟದೆ ಎದ್ದುಬರುವುದು ಇಂಥದೇ ಕ್ಲಿಪ್ಪು ಬಿಗಿತ.

ಮಳಖೇಡದ ಹೆಸರು ಮೇಲೆ ಬಂದಿತು. ಅಮೋಘವರ್ಷನ ಕಾಲದಲ್ಲಿದ್ದ ಮಹಾವೀರಾಚಾರ್ಯರು ಗಣಿತಸಾರಸಂಗ್ರಹದ ಆರಂಭದಲ್ಲಿ ಲೌಕಿಕ, ವೈದಿಕ, ಸಾಮಾಯಿಕಗಳೆಂಬ ಎಲ್ಲ ವ್ಯಾಪಾರಗಳಿಗೂ ಗಣಿತ ಬೇಕೆಂದು ವಿವರಿಸುತ್ತಾರೆ. 9ನೆಯ ಶತಮಾನದ ಆ ಮಾತಿಗೆ ಈ 3 ಮಿಲಿಮೀಟರಿನ ಅಂತರ ಒಂದು ಟಿಪ್ಪಣಿಯಂತಿದೆ. ಅಳೆಯಲು ಬೇಸರಪಟ್ಟ ಒಂದು ಕ್ಷಣ ಒಂದು ಮಡುವನ್ನು ಕೆಡಿಸಿತು. ಒಂದರ ಬದಲು ಇನ್ನೊಂದನ್ನು ನಡೆಸಿಬಿಡುವುದಕ್ಕೆ ಅಚೌರ್ಯವ್ರತದ ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರ ಎಂಬ ಹೆಸರಿದೆ. ನೀರಿನ ಹೋಸನ್ನು ಎಣ್ಣೆಗೆ ಹಾಕಿ, ಸರಿಯಾದ ಯಂತ್ರವೆಂಬಂತೆ ರೈತನಿಗೆ ಬಾಡಿಗೆಗೆ ಕೊಟ್ಟು, ಯಂತ್ರ ನಿಂತ ಹೊತ್ತನ್ನೂ ಗಂಟೆಯ ಲೆಕ್ಕಕ್ಕೆ ಸೇರಿಸಿದ್ದನ್ನು ಶ್ರಾವಕರು ಆ ಹೆಸರಿನಿಂದಲೇ ಕರೆದುಕೊಂಡರು.

ಕ್ಷಮಾವಣಿ ಭಾದ್ರಪದದಲ್ಲಿ ದಶಲಕ್ಷಣ ಪರ್ವದ ಕೊನೆಗೆ ಬರುತ್ತದೆ. ಅದಕ್ಕೆ ಇನ್ನೂ ತಿಂಗಳುಗಳಿದ್ದವು. ಅವರು ಕಾಯಲಿಲ್ಲ. ಹೊಂಡದ ರೈತನಿಗೆ ನಿಂತ ಗಂಟೆಗಳ ಹಣವನ್ನು ಹಿಂತಿರುಗಿಸಿದರು. ಮಡುವಿನ ಮೇಲಿನ ಪೊರೆಯನ್ನು ಹುಲ್ಲು, ಹತ್ತಿಗಳಿಂದ ಹೀರಿಸಿ, ಎಣ್ಣೆ ಕುಡಿದ ಮಣ್ಣನ್ನು ಕೆರೆದು ಚೀಲಕ್ಕೆ ತುಂಬಿಸಿದರು. ನೀರು ತಿಳಿಯಾಗುವವರೆಗೆ ದನಗಳಿಗಾಗಿ ಟ್ಯಾಂಕರಿನಿಂದ ಒಂದು ತೊಟ್ಟಿಯನ್ನು ತುಂಬಿಸುವ ವ್ಯವಸ್ಥೆ ಮಾಡಿದರು. ಸತ್ತ ಜೀವಿಗಳಿಗೆ ಇದರಿಂದ ಏನೂ ಆಗಲಿಲ್ಲ. ಅದನ್ನು ಅವರು ಯಾರ ಮುಂದೆಯೂ ಮುಚ್ಚಿಡುವುದಿಲ್ಲ.

ಕೊನೆಗೆ ಚಾಲಕನ ಮನೆಗೆ ತಾವೇ ಹೋಗಿ, ಮುರಿದುಕೊಂಡ ಹಣವನ್ನೂ ಔಷಧದ ಖರ್ಚನ್ನೂ ಮುಂದಿಟ್ಟು ಕ್ಷಮೆ ಕೇಳಿದರು. ಆತ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, “ರೊಕ್ಕದ ಮಾತಲ್ರಿ ಸಾವ್ಕಾರ್ರಿ. ನಾ ಮೊದಲ ದಿನಾನೇ ಹೇಳಿದ್ದೆ. ನೀವು ಕೇಳ್ಲಿಲ್ಲ, ಅದೇ ಬ್ಯಾಸರ” ಎಂದ. ಶ್ರಾವಕರ ಬಳಿ ಇದಕ್ಕೆ ಉತ್ತರವಿರಲಿಲ್ಲ.

ನಮ್ಮ ಬಸದಿಗಳ ಆಡಳಿತ ಮಂಡಳಿಗಳಿಗೂ ಇದರಲ್ಲಿ ಗಮನಿಸತಕ್ಕದ್ದಿದೆ. ಉತ್ಸವದ ರಾತ್ರಿ ನಡೆಯುವ ಜನರೇಟರಿನ ಕೆಳಗೆ ಹರಡಿದ ಡೀಸೆಲ್ಲಿನ ಕಲೆ, ಬಾವಿಯ ಮೋಟಾರಿನಿಂದ ತೊಟ್ಟಿಕ್ಕುವ ಎಣ್ಣೆ, ಹೊಗೆಯಾಡುವ ತಂತಿಯ ಸಂದು, ಇವು ಸಭೆಯ ವರದಿಗಳಲ್ಲಿ ಬರುವುದು ಅಪರೂಪ. ಅವನ್ನು ಮೊದಲು ಕಾಣುವವರು ಪೂಜಾರಿಗಳು, ಕಾವಲುಗಾರರು, ಕಸಗುಡಿಸುವವರು. ಅವರು ಹೇಳಿದ್ದನ್ನು ಬರೆದಿಡಲು ಒಂದು ಪುಸ್ತಕ, ಬರೆದದ್ದನ್ನು ತಿಂಗಳಿಗೊಮ್ಮೆ ಓದಿ ಕ್ರಮ ಕೈಗೊಳ್ಳಲು ಒಬ್ಬ ಸದಸ್ಯ, ಇಷ್ಟಕ್ಕೆ ದೊಡ್ಡ ವೆಚ್ಚವೇನೂ ಬೇಕಾಗಿಲ್ಲ.

ಕಾಳಗಿಯ ಆ ಯಂತ್ರದಲ್ಲಿ ಈಗ ಚಾಲಕನ ಆಸನದ ಬದಿಗೆ ದಾರ ಕಟ್ಟಿದ ಒಂದು ನೋಟ್‌ಪುಸ್ತಕ ತೂಗುತ್ತದೆ. ಬೆಳಿಗ್ಗೆ ಎಣ್ಣೆಯ ಮಟ್ಟ, ಹೋಸಿನ ತುದಿಗಳು, ಕೂಲರಿನ ಧೂಳು, ಮಧ್ಯಾಹ್ನ ಮೀಟರಿನ ಮುಳ್ಳು ಎಲ್ಲಿತ್ತು ಎಂಬುದನ್ನು ಚಾಲಕ ಬರೆಯುತ್ತಾನೆ. ಸಂಜೆ ಶ್ರಾವಕರು ಓದಿ ಸಹಿ ಹಾಕುತ್ತಾರೆ. ಯಂತ್ರವನ್ನು ಹೊರಡಿಸಬಾರದೆಂದು ಆತ ಬರೆದ ದಿನ ಅದು ಹೊರಡುವುದಿಲ್ಲ. ಅಂಥ ದಿನಗಳು ಈವರೆಗೆ ಎರಡು ಬಂದಿವೆ. ಎರಡೂ ದಿನ ಬಾಡಿಗೆ ತಪ್ಪಿತು.